ಒಡೆದ ನಾನೂರು ಗಾಜುಗಳು

ಲೋಕ ಸುತ್ತಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಕಿಚ್ಚು. ಕಾರಣ ಸರಳ. ನಾನು ಊರು ಬಿಟ್ಟು ಊರಿಗೆ ಹೋಗುವುದು ಹೆಚ್ಚಾಗಿ ಪರೀಕ್ಷೆಯ ಮೌಲ್ಯಮಾಪನಕ್ಕೆ; ಅಲ್ಲಿ ಕಣ್ತುಂಬ ನೋಡಲು ಸಿಕ್ಕುವುದು ಉತ್ತರಪತ್ರಿಕೆಗಳ ಕಟ್ಟು. ಅವರಾದರೋ ಹಿಮಬೆಟ್ಟದ ಮೇಲೆ ಸೂರ್ಯ ಮುಳುಗುವುದನ್ನು ನೋಡುತ್ತಾರೆ. ನೋಡಿದ್ದಕ್ಕೆ ಹಣವನ್ನೂ ಪಡೆಯುತ್ತಾರೆ. ಈಗಂತೂ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ನಮ್ಮ ಬೀದಿಯಲ್ಲಿ ಯಾರಾದರೂ ಯೂರೋಪಿಗೆ ಹೋಗಿಬಂದರೆ ಸಂಜೆ ಕಾಫಿಗೆ ಕರೆಯುತ್ತಾರೆ. ಕಾಫಿ ಒಂದು ಲೋಟ, ಚಿತ್ರ ಎಂಟುನೂರು. ಐಫೆಲ್ ಗೋಪುರವನ್ನು ನೋಡಬೇಕಾದರೆ ಅದರ ಮುಂದೆ ನಿಂತಿರುವ ಅವರ ಭಾವನವರ ತಲೆಯ ಆಚೀಚೆ ಇಣುಕಬೇಕು. ಈ ಎಂಟುನೂರರಲ್ಲಿ ಒಂದು ಆರುನೂರನ್ನು ಬಿಡಬಾರದೆ ಎಂದು ಕೇಳುವ ಧೈರ್ಯ ನಮಗಿಲ್ಲ. ಬಿಡುವ ಧೈರ್ಯ ಅವರಿಗಿಲ್ಲ.

ಬಿಡುವುದು ಎಂದಾಗಲೆಲ್ಲ ನನಗೆ ಫ್ರಾಂಕ್ ಹರ್ಲಿಯ ನೆನಪಾಗುತ್ತದೆ. ಆತ ಆಸ್ಟ್ರೇಲಿಯದವನು, 1885ರಲ್ಲಿ ಸಿಡ್ನಿಯಲ್ಲಿ ಹುಟ್ಟಿದವನು. ಹದಿಮೂರರ ವಯಸ್ಸಿಗೆ ಮನೆ ಬಿಟ್ಟು ಓಡಿಹೋಗಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ. ಹದಿನೇಳರಲ್ಲಿ ಹದಿನೈದು ಶಿಲಿಂಗಿನ ಒಂದು ಪೆಟ್ಟಿಗೆ ಕ್ಯಾಮೆರಾ ಕೊಂಡ, ವಾರಕ್ಕೊಂದು ಶಿಲಿಂಗಿನ ಕಂತಿನಲ್ಲಿ. ಮುಂದೆ ಅಂಚೆ ಕಾರ್ಡಿನ ಚಿತ್ರಗಳ ವ್ಯಾಪಾರ ಹಿಡಿದ. ಓಡಿಬರುವ ರೈಲಿನ ಎದುರಿಗೇ ನಿಂತು ಚಿತ್ರ ತೆಗೆಯುತ್ತಿದ್ದ ಹುಚ್ಚು ಅವನದು. ಇಂಥವನಿಗೆ ದಕ್ಷಿಣ ಧ್ರುವದ ಖಂಡವಲ್ಲದೆ ಇನ್ನೆಲ್ಲಿ ಸರಿಹೋದೀತು? 1911ರಲ್ಲಿ ಡಗ್ಲಾಸ್ ಮಾಸನ್ ಎಂಬಾತನ ತಂಡದೊಂದಿಗೆ ಅಲ್ಲಿಗೆ ಹೊರಟೇಬಿಟ್ಟ. ಅವರು ಬೀಡುಬಿಟ್ಟ ಜಾಗದಲ್ಲಿ ಗಾಳಿ ಬೀಸದ ದಿನವೇ ಅಪರೂಪ. ವರ್ಷದ ಸರಾಸರಿ ವೇಗವೇ ಗಂಟೆಗೆ ಐವತ್ತು ಮೈಲಿಯ ಹತ್ತಿರ. ಜನ ಗಾಳಿಗೆ ಮೈಯೊರಗಿಸಿ, ಇನ್ನೇನು ಮುಗ್ಗರಿಸಿದರು ಎನ್ನುವ ಭಂಗಿಯಲ್ಲೇ ನಡೆಯುತ್ತಿದ್ದರು. ಅಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ ನಿಲ್ಲಿಸುವುದೆಂದರೇನೆಂದು ನೀವೇ ಊಹಿಸಿಕೊಳ್ಳಿ.

ಅದೇ ಕಾಲದಲ್ಲಿ ಆ ಖಂಡದ ಮತ್ತೊಂದು ಅಂಚಿನಲ್ಲಿ, ಕ್ಯಾಪ್ಟನ್ ಸ್ಕಾಟ್‌ನ ತಂಡದೊಂದಿಗೆ, ಹರ್ಬರ್ಟ್ ಪಾಂಟಿಂಗ್ ಎಂಬ ಇಂಗ್ಲಿಷಿನವನೂ ಇದೇ ಕಸುಬಿನಲ್ಲಿ ತೊಡಗಿದ್ದ. ತಿಮಿಂಗಿಲಗಳ ಚಿತ್ರ ತೆಗೆಯಲು ಹೋದಾಗ ಅವು ಕೆಳಗಿನಿಂದ ಗುದ್ದಿ ಅವನು ನಿಂತಿದ್ದ ಮಂಜಿನ ಹಾಳೆಯನ್ನೇ ಒಡೆದುಬಿಟ್ಟವು. ತುಂಡಿನಿಂದ ತುಂಡಿಗೆ ಹಾರಿ ಬದುಕಿಕೊಂಡ. ಇನ್ನೊಮ್ಮೆ ಕ್ಯಾಮೆರಾದ ಲೋಹಕ್ಕೆ ಅವನ ನಾಲಿಗೆ ತಗಲಿ ಅಲ್ಲೇ ಹೆಪ್ಪುಗಟ್ಟಿ ಅಂಟಿಕೊಂಡಿತಂತೆ. ಕಿತ್ತುಕೊಂಡಾಗ ನಾಲಿಗೆಯ ಚರ್ಮ ಕ್ಯಾಮೆರಾದಲ್ಲಿ ಉಳಿಯಿತು. ಚಿತ್ರಕ್ಕಾಗಿ ಅವನು ಸಂಗಡಿಗರನ್ನು ಚಳಿಯಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಿದ್ದನೆಂದರೆ, ಅವರು ಅವನ ಹೆಸರಿನಿಂದಲೇ ‘ಪಾಂಟ್’ ಎಂಬ ಕ್ರಿಯಾಪದವನ್ನು ಹುಟ್ಟಿಸಿದರು. ಹಾಗೆಂದರೆ ಸೆಡೆತು ಸಾಯುವವರೆಗೆ ಫೋಟೋಕ್ಕೆ ನಿಲ್ಲುವುದು. ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದೊಂದು ಸಂತೋಷ. ನಾಮಧಾತುವಿಗೆ ಇಷ್ಟು ಒಳ್ಳೆಯ ಉದಾಹರಣೆ ನಮ್ಮ ಪಠ್ಯದಲ್ಲಿ ಇಲ್ಲ.

ಹರ್ಲಿಯ ನಿಜವಾದ ಕಥೆ ಪ್ರಾರಂಭವಾಗುವುದು 1914ರಲ್ಲಿ, ಅರ್ನೆಸ್ಟ್ ಶ್ಯಾಕಲ್‌ಟನ್ನನ ‘ಎಂಡ್ಯೂರೆನ್ಸ್’ ಹಡಗು ಹತ್ತಿದ ಮೇಲೆ. ಖಂಡವನ್ನು ಈ ಕಡೆಯಿಂದ ಆ ಕಡೆಗೆ ಕಾಲ್ನಡೆಯಲ್ಲಿ ದಾಟುವುದು ಶ್ಯಾಕಲ್‌ಟನ್ನನ ಸಂಕಲ್ಪ. ಅದಕ್ಕೆ ಬೇಕಾದ ಹಣದ ಒಂದು ಭಾಗ ಮುಂದೆ ತೆಗೆಯಲಿರುವ ಚಿತ್ರಗಳ, ಚಲಚ್ಚಿತ್ರದ ಹಕ್ಕನ್ನು ಮುಂಗಡವಾಗಿ ಮಾರಿ ಬಂದದ್ದು. ಎಂದರೆ ಹರ್ಲಿ ಇನ್ನೂ ತೆಗೆಯದ ಚಿತ್ರಗಳು ಆಗಲೇ ಅಡವಾಗಿದ್ದುವು. ಇದನ್ನು ಮರೆಯಬಾರದು. ಸಾಹಸದ ಕಥೆ ಹೇಳುವವರು ಸಾಲದ ವಿಷಯವನ್ನು ಬಿಟ್ಟೇ ಹೇಳುತ್ತಾರೆ.

1915ರ ಜನವರಿಯಲ್ಲಿ ವೆಡೆಲ್ ಸಮುದ್ರದ ಮಂಜು ಹಡಗನ್ನು ಹಿಡಿದುಕೊಂಡಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ, ಮಂಜು ತೇಲಿದ ಕಡೆಗೆ ಹಡಗೂ ತೇಲಬೇಕು. ಹೀಗೆ ಹತ್ತು ತಿಂಗಳು. ಉಳಿದವರಿಗೆ ಅದು ಸೆರೆವಾಸ, ಹರ್ಲಿಗೆ ಸುಗ್ಗಿ. ಆಗಿನ ಚಿತ್ರಗಳೆಂದರೆ ಹೆಚ್ಚಿನವು ಗಾಜಿನ ಹಾಳೆಗಳ ಮೇಲೆ. ಕತ್ತಲೆ ಕೋಣೆಯಲ್ಲಿ ಅವನ್ನು ರಾಸಾಯನಿಕದಲ್ಲಿ ಅದ್ದಿ ತೊಳೆಯಬೇಕು. ತೊಟ್ಟಿಯನ್ನು ಬೆಚ್ಚಗಿಡದಿದ್ದರೆ ನೀರಿನೊಡನೆ ಗಾಜೂ ಸೇರಿ ಒಂದು ಮಂಜಿನ ಇಟ್ಟಿಗೆಯಾಗುತ್ತದೆ. ಉಗುರಿನ ಸುತ್ತ ಬೆರಳು ಸೀಳುತ್ತಿತ್ತು. ಆಗಸ್ಟ್ 27ರ ರಾತ್ರಿ, ಆ ಖಂಡದ ಚಳಿಗಾಲದ ಕತ್ತಲಲ್ಲಿ, ಮಂಜಿನ ದಿಬ್ಬಗಳ ಹಿಂದೆ ಅಲ್ಲಲ್ಲಿ ಮಿಂಚುಪುಡಿ ಇಟ್ಟು ಇಪ್ಪತ್ತು ಬಾರಿ ಸಿಡಿಸಿ ಹಡಗಿನ ಚಿತ್ರ ತೆಗೆದ. ಕೊನೆಕೊನೆಯ ಸಿಡಿತಕ್ಕೆ ಕಣ್ಣು ಕತ್ತಲಿಟ್ಟು, ದಿಕ್ಕು ತಪ್ಪಿ ಹಿಮದಲ್ಲಿ ಬಿದ್ದು ಎದ್ದು ಬಂದನಂತೆ. ಆ ಚಿತ್ರವನ್ನು ನೋಡದವರು ಕಡಿಮೆ. ಕಪ್ಪು ಆಕಾಶ, ಅದರೆದುರು ಹಗ್ಗ ಹಗ್ಗದ ಮೇಲೂ ಹಿಮ ಕಟ್ಟಿ, ಬೆಳ್ಳಗೆ, ದೆವ್ವದಂತೆ ನಿಂತ ಹಡಗು. ಎರಡು ತಿಂಗಳಿಗೆ ಸರಿಯಾಗಿ, ಅಕ್ಟೋಬರ್ 27ರಂದು, ಮಂಜು ಆ ಹಡಗನ್ನು ಅಡಿಕೆಯಂತೆ ಕಡಿದುಹಾಕಿತು. ಇಪ್ಪತ್ತೆಂಟು ಜನ ಮಂಜಿನ ಮೇಲೆ ಗುಡಾರ ಹಾಕಿದರು. ಒಬ್ಬೊಬ್ಬರು ಎರಡು ಪೌಂಡು ತೂಕಕ್ಕಿಂತ ಹೆಚ್ಚು ಸ್ವಂತ ಸಾಮಾನು ಇಟ್ಟುಕೊಳ್ಳಕೂಡದೆಂದು ಆಜ್ಞೆಯಾಯಿತು. ಶ್ಯಾಕಲ್‌ಟನ್ ತಾನೇ ಮೊದಲು ಚಿನ್ನದ ನಾಣ್ಯಗಳನ್ನು ಹಿಮದ ಮೇಲೆ ಎಸೆದ.

ಗಾಜುಗಳು ಇನ್ನೂ ಮುರಿದ ಹಡಗಿನಲ್ಲೇ ಇದ್ದುವು. ಹರ್ಲಿ ಮರದ ಗೋಡೆಯನ್ನು ಕಡಿದು, ಸೊಂಟದವರೆಗೆ ಬಟ್ಟೆ ಕಳಚಿ, ಮಂಜಿನ ಗಂಜಿಯಂತಿದ್ದ ನೀರಿಗೆ ಮುಳುಗಿ, ಬೆಸುಗೆ ಹಾಕಿ ಮುಚ್ಚಿದ್ದ ಆ ಡಬ್ಬಿಗಳನ್ನು ಎತ್ತಿ ತಂದ. ಚಿತ್ರಗಳಿಗೆ ಏನೂ ಆಗಿರಲಿಲ್ಲ.

ಮುಂದಿನದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಸಂಗತಿ. ತಂದದ್ದೆಲ್ಲವನ್ನೂ ದೋಣಿಯಲ್ಲಿ ಒಯ್ಯುವಂತಿಲ್ಲ. ಗಾಜಿನ ಭಾರ ಸಾಮಾನ್ಯವಲ್ಲ. ನವೆಂಬರ್ 9ರಂದು ಹರ್ಲಿ, ಶ್ಯಾಕಲ್‌ಟನ್ ಇಬ್ಬರೂ ಮಂಜಿನ ಮೇಲೆ ಕುಳಿತರು. ಒಂದೊಂದೇ ಗಾಜನ್ನು ಎತ್ತಿ ಬೆಳಕಿಗೆ ಹಿಡಿದು ನೋಡುವುದು. ಇರಲಿ ಎಂದರೆ ಈ ಕಡೆ, ಬೇಡವೆಂದರೆ ಅಲ್ಲೇ ಒಡೆಯುವುದು. ಸುಮ್ಮನೆ ಬದಿಗಿಟ್ಟರೆ ರಾತ್ರಿ ಮನಸ್ಸು ಬದಲಾದೀತು, ಬೆಳಗ್ಗೆ ಮತ್ತೆ ಹೋಗಿ ಎತ್ತಿಕೊಂಡೇನು ಎಂಬ ಭಯ ಹರ್ಲಿಗೆ. ನೂರಿಪ್ಪತ್ತು ಉಳಿದುವು, ನಾನೂರರಷ್ಟು ಒಡೆದುವು. ಉಳಿದವಕ್ಕೆ ಹರ್ಲಿ ತಾನೇ ಮತ್ತೆ ಬೆಸುಗೆ ಹಾಕಿದ. ದೊಡ್ಡ ಕ್ಯಾಮೆರಾಗಳನ್ನು ಅಲ್ಲೇ ಬಿಟ್ಟು, ಜೇಬಿನಲ್ಲಿಡುವ ಒಂದು ಪುಟ್ಟ ಕೊಡ್ಯಾಕನ್ನೂ ಮೂರು ಸುರುಳಿ ಫಿಲ್ಮನ್ನೂ ಇಟ್ಟುಕೊಂಡ.

ಆ ನಾನೂರರಲ್ಲಿ ಏನಿತ್ತು? ನಾನು ಉಳಿದ ಚಿತ್ರಗಳನ್ನು ನೋಡಿದಾಗಲೆಲ್ಲ ಯೋಚಿಸುವುದು ಇದನ್ನೇ. ಚೆನ್ನಾಗಿ ಬಂದುವೇ ಉಳಿದಿರಬೇಕು: ಹಡಗು, ಮಂಜಿನ ಹೂವು, ನಾಯಿಗಳ ಮುಖ. ಚೆನ್ನಾಗಿ ಬಾರದವು, ಯಾರೋ ಅಲುಗಿದ್ದು, ಯಾರೋ ಕಣ್ಣು ಮುಚ್ಚಿದ್ದು, ಬೇಸರದ ಮಧ್ಯಾಹ್ನ ಸುಮ್ಮನೆ ತೆಗೆದದ್ದು ಹೋಗಿರಬೇಕು. ಅಂಥವುಗಳಲ್ಲೇ ಮನುಷ್ಯ ಹೆಚ್ಚು ಸಿಕ್ಕುತ್ತಾನೆಂದು ನನ್ನ ನಂಬಿಕೆ.

ಈ ನಂಬಿಕೆಗೆ ಒಂದು ಕಾರಣವಿದೆ. ನಾನು ಹುಡುಗನಾಗಿದ್ದಾಗ ನಮ್ಮೂರಿನ ಹಳೆಯ ಫೋಟೋ ಸ್ಟುಡಿಯೋ ಒಂದು ಮುಚ್ಚಿಹೋಯಿತು. ಅಲ್ಲಿದ್ದ ಗಾಜಿನ ನೆಗೆಟಿವ್‌ಗಳನ್ನು ಪಟಕ್ಕೆ ಕಟ್ಟು ಹಾಕುವವನೊಬ್ಬ ಸಗಟಾಗಿ ಕೊಂಡ. ಬಿಸಿನೀರಿಗೆ ಸೋಡ ಹಾಕಿ ಉಜ್ಜಿದರೆ ಮುಖಗಳು ಹೋಗಿ ಒಳ್ಳೆಯ ಗಾಜು ಉಳಿಯುತ್ತದೆ. ನಮ್ಮ ದೇವರ ಮನೆಯ ಸಣ್ಣದೊಂದು ಲಕ್ಷ್ಮಿಯ ಪಟಕ್ಕೆ ಬಂದದ್ದು ಅಂಥ ಗಾಜು. ಮೂಲೆಯಲ್ಲಿ ಸರಿಯಾಗಿ ಉಜ್ಜಿರಲಿಲ್ಲ; ಓರೆಯಾಗಿ ನೋಡಿದರೆ ಯಾರದೋ ರುಮಾಲಿನ ತುದಿ, ಒಂದು ಕಿವಿ ಕಾಣುತ್ತಿತ್ತು. ನೆಗೆಟಿವ್ ಆದ್ದರಿಂದ ಬಿಳಿಯ ರುಮಾಲು ಕಪ್ಪಾಗಿತ್ತು. ಗಾಜು ಬದಲಾಯಿಸಿಕೊಂಡು ಬರುತ್ತೇನೆಂದು ಅಪ್ಪ ಎರಡು ಮೂರು ಸಲ ಹೇಳಿದರು. ಅಜ್ಜಿ ಒಪ್ಪಲಿಲ್ಲ. “ಯಾರ ಮನೆಯ ಯಜಮಾನರೋ ಏನೋ, ಇರಲಿ ಬಿಡಪ್ಪಾ” ಎಂದು, ಲಕ್ಷ್ಮಿಗೆ ಹೂವೇರಿಸುವಾಗ ಆ ಮೂಲೆಗೂ ಒಂದು ಎಸಳು ಸಿಕ್ಕಿಸುತ್ತಿದ್ದರು. ಆ ಊರಿನಲ್ಲಿ ಹೀಗೆ ಎಷ್ಟು ಮನೆಗಳಲ್ಲಿ, ಎಷ್ಟು ದೇವರುಗಳ ಮುಂದೆ, ಎಷ್ಟು ಜನ ಉಜ್ಜಿಹೋಗಿದ್ದಾರೋ.

ಹರ್ಲಿಯ ನೂರಿಪ್ಪತ್ತು ಗಾಜುಗಳು ತೇಲುವ ಮಂಜಿನ ಮೇಲೂ ಆಮೇಲೆ ದೋಣಿಯಲ್ಲೂ ಪಯಣಿಸಿ ಎಲಿಫೆಂಟ್ ದ್ವೀಪ ಸೇರಿದುವು. 1916ರ ಏಪ್ರಿಲ್ 24ರಂದು ಶ್ಯಾಕಲ್‌ಟನ್ ಐವರನ್ನು ಕರೆದುಕೊಂಡು ಪುಟ್ಟ ದೋಣಿಯಲ್ಲಿ ಎಂಟುನೂರು ಮೈಲಿ ದೂರದ ದಕ್ಷಿಣ ಜಾರ್ಜಿಯ ದ್ವೀಪಕ್ಕೆ ಸಹಾಯ ತರಲು ಹೊರಟ. ಉಳಿದ ಇಪ್ಪತ್ತೆರಡು ಜನ ದೋಣಿಗಳನ್ನು ಬೋರಲು ಹಾಕಿ ಅದರಡಿಯಲ್ಲಿ ನಾಲ್ಕು ತಿಂಗಳು ಕಳೆದರು. ಆಗಸ್ಟ್ 30ರಂದು ‘ಯೆಲ್ಚೊ’ ಎಂಬ ಚಿಲಿ ದೇಶದ ಹಡಗು ಬಂದು ಎಲ್ಲರನ್ನೂ ಜೀವಸಹಿತ ಎತ್ತಿಕೊಂಡಿತು. ಹಡಗನ್ನು ಬಿಟ್ಟ ಮೇಲಿನ ಅಷ್ಟು ದಿನಗಳಿಗೆ ಆ ಮೂರು ಸುರುಳಿಯ ನಲವತ್ತರೊಳಗಿನ ಚಿತ್ರಗಳೇ ಸಾಕ್ಷಿ.

ಆದರೆ ಈ ಸಾಕ್ಷಿ ಪೂರ್ತಿ ನಿಜ ಹೇಳುವವನಲ್ಲ. ದಡದಲ್ಲಿ ನಿಂತ ಜನ ಕೈಬೀಸುತ್ತಿರುವ ಒಂದು ಪ್ರಸಿದ್ಧ ಚಿತ್ರವಿದೆ. ಅದು ಶ್ಯಾಕಲ್‌ಟನ್ ಹೊರಟಾಗ ಬೀಳ್ಕೊಡುತ್ತಿರುವ ದೃಶ್ಯ. ಮುಂದೆ ಅದನ್ನೇ ತಿದ್ದಿ, ಕಾಪಾಡಲು ಬಂದವರನ್ನು ಸ್ವಾಗತಿಸುವ ದೃಶ್ಯವೆಂದು ತೋರಿಸಲಾಯಿತು. ಹೋಗಿ ಬನ್ನಿ ಎಂದು ಬೀಸಿದ ಕೈ ಬನ್ನಿ ಎಂದು ಬೀಸಿದ ಕೈಯಾಯಿತು. ಕೈಗೇನು, ಎರಡಕ್ಕೂ ಅದೇ ಕೈ. ಆದರೆ ಆ ದಿನ ಆ ಜನರ ಎದೆಯಲ್ಲಿದ್ದದ್ದು, ಇವರನ್ನು ಮತ್ತೆ ನೋಡುತ್ತೇವೆಯೋ ಇಲ್ಲವೋ ಎಂಬ ಪ್ರಶ್ನೆ. ಅದನ್ನು ಅಳಿಸುವುದು ಸಣ್ಣ ವಿಷಯವೆಂದು ನನಗೆ ತೋರುವುದಿಲ್ಲ.

ಈ ಚಾಳಿ ಅಲ್ಲಿಗೇ ನಿಲ್ಲಲಿಲ್ಲ. 1917ರಲ್ಲಿ ಆಸ್ಟ್ರೇಲಿಯದ ಸೈನ್ಯದ ಛಾಯಾಗ್ರಾಹಕನಾಗಿ ಬೆಲ್ಜಿಯಮ್ಮಿನ ಯುದ್ಧರಂಗಕ್ಕೆ ಹೋದ ಹರ್ಲಿ, ಒಂದು ನೆಗೆಟಿವ್‌ನ ಸೈನಿಕರು, ಇನ್ನೊಂದರ ಸಿಡಿಗುಂಡು, ಮತ್ತೊಂದರ ಮೋಡ, ಹೀಗೆ ಹನ್ನೆರಡನ್ನು ಕೂಡಿಸಿ ಒಂದು ದೊಡ್ಡ ಯುದ್ಧಚಿತ್ರ ಮಾಡಿದ. ನಡೆದದ್ದೆಲ್ಲ ಒಂದೇ ಗಾಜಿನಲ್ಲಿ ಬೀಳುವುದಿಲ್ಲ. ಯುದ್ಧ ಕಣ್ಣಿಗೆ ಹೇಗೆ ಕಂಡಿತೋ ಹಾಗೆ ತೋರಿಸಬೇಕಾದರೆ ಇದೊಂದೇ ದಾರಿ ಎಂಬುದು ಅವನ ವಾದ. ಅದೇ ಸೈನ್ಯದ ಇತಿಹಾಸ ಬರೆಯುತ್ತಿದ್ದ ಚಾರ್ಲ್ಸ್ ಬೀನ್ ಇವನ್ನು ಖೋಟಾ ಎಂದ. ಹರ್ಲಿ ರಾಜೀನಾಮೆ ಕೊಡುತ್ತೇನೆಂದ.

ಸಾಹಿತ್ಯ ಪಾಠ ಮಾಡುವವನಾದ ನಾನು ಹರ್ಲಿಯ ಪಕ್ಷ ವಹಿಸಬೇಕಿತ್ತು. ನಮ್ಮ ಆದಿಕವಿ ಪಂಪ ಮಾಡಿದ್ದೇನು? ಅರ್ಜುನನ ಗಾಜಿನ ಮೇಲೆ ತನ್ನ ಒಡೆಯ ಅರಿಕೇಸರಿಯ ಗಾಜನ್ನಿಟ್ಟು ‘ವಿಕ್ರಮಾರ್ಜುನ ವಿಜಯ’ವನ್ನು ಅಚ್ಚು ಹಾಕಲಿಲ್ಲವೆ? ಹಾಕಿದ. ಆದರೆ ಹಾಕುತ್ತಿದ್ದೇನೆಂದು ಮೊದಲೇ ಹೇಳಿದ. ಎರಡು ಗಾಜನ್ನೂ ನಾವು ನೋಡಬಹುದು, ಎಲ್ಲಿ ಕೂಡಿಲ್ಲವೋ ಅಲ್ಲಿ ಬೆರಳಿಡಬಹುದು. ಸಾವಿರ ವರ್ಷದಿಂದ ವಿದ್ವಾಂಸರು ಅದನ್ನೇ ಮಾಡುತ್ತಿದ್ದಾರೆ. ಹೇಳದೆ ಕೂಡಿಸಿದ ಚಿತ್ರಕ್ಕೆ ಆ ಬಾಗಿಲಿಲ್ಲ. ಪ್ರಾಣದ ಹಂಗಿಲ್ಲದೆ ಹೆಪ್ಪುಗಟ್ಟಿದ ನೀರಿನಿಂದ ಗಾಜುಗಳನ್ನು ಮೇಲೆತ್ತಿದವನೇ ಅವನ್ನು ನಂಬದೆ ತಿದ್ದಿದನಲ್ಲ ಎಂಬುದು ನನ್ನ ಜಗಳ. ಅಷ್ಟು ಕಷ್ಟಪಟ್ಟು ತಂದದ್ದು ಇದ್ದಂತೆಯೇ ಸಾಕಾಗಿತ್ತು.

ಯುದ್ಧದ ನಂತರ ಹರ್ಲಿ ಪಪುವಾ ದ್ವೀಪದ ಹಳ್ಳಿಗಳಿಗೆ ಹೋಗಿ ಚಲಚ್ಚಿತ್ರ ತೆಗೆದ. 1921ರ ಆ ಚಿತ್ರಕ್ಕೆ ಅವನಿಟ್ಟ ಹೆಸರು ‘ಮುತ್ತುಗಳು ಮತ್ತು ಕಾಡುಜನರು’ ಎಂಬರ್ಥದ್ದು. ಅಲ್ಲಿಯವರು ಇವನನ್ನು ಏನೆಂದು ಕರೆದರೋ ಅದರ ಚಿತ್ರವಿಲ್ಲ. ಎರಡನೆಯ ಮಹಾಯುದ್ಧದಲ್ಲೂ ಕ್ಯಾಮೆರಾ ಹಿಡಿದು ಮರುಭೂಮಿಗಳಲ್ಲಿ ತಿರುಗಿ, 1962ರ ಜನವರಿಯಲ್ಲಿ ಸಿಡ್ನಿಯಲ್ಲಿ ತೀರಿಕೊಂಡ.

ಮುರಿದ ಹಡಗು 1915ರ ನವೆಂಬರ್ 21ರಂದೇ ಮುಳುಗಿತ್ತು. 2022ರ ಮಾರ್ಚ್ ತಿಂಗಳಲ್ಲಿ ಯಂತ್ರಗಳನ್ನಿಳಿಸಿ ಹುಡುಕಿದವರಿಗೆ ಅದು 3008 ಮೀಟರು ಆಳದಲ್ಲಿ ಸಿಕ್ಕಿತು. ಮರ ಕೊರೆಯುವ ಹುಳುಗಳು ಆ ತಣ್ಣನೆಯ ನೀರಿನಲ್ಲಿ ಇಲ್ಲವಾದ್ದರಿಂದ ಹಲಗೆಗಳು ಹಾಗೇ ಇವೆ. ಹಿಂಬದಿಯಲ್ಲಿ ಹೆಸರಿನ ಅಕ್ಷರಗಳು, ಕೆಳಗೊಂದು ನಕ್ಷತ್ರ, ಚುಕ್ಕಾಣಿಯ ಚಕ್ರ ಎಲ್ಲವೂ ಸ್ಪಷ್ಟ. ಆ ಹೊಸ ಚಿತ್ರಗಳನ್ನೂ ಹರ್ಲಿಯ ಹಳೆಯ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ಒಂದು ಭಾನುವಾರವಿಡೀ ನೋಡುತ್ತ ಕುಳಿತಿದ್ದೆ. ಹಡಗಿನ ಮಟ್ಟಿಗೆ ಅವನು ಸುಳ್ಳು ಹೇಳಿರಲಿಲ್ಲ. ಒಡೆದ ಗಾಜುಗಳಿದ್ದ ಮಂಜು ಅಲ್ಲಿಂದ ತೇಲಿ ಹೋಗಿ ಎಲ್ಲೋ ಕರಗಿರಬೇಕು. ಚೂರುಗಳೂ ಅಲ್ಲೇ ತಳ ಸೇರಿರಬೇಕು. ಅವನ್ನು ಯಾರೂ ಹುಡುಕುತ್ತಿರಲಿಲ್ಲ.