ನಡುವ ಇಳೀಲಾಕ ಬರ್ತದೇನು?

ಭಂಕೂರಿನಿಂದ ಶಹಾಬಾದಿಗೆ ಬಂದು ಮುಂಬೈ ರೈಲು ಹತ್ತಿದವರಿಗೆ ಬೇಡವೆನಿಸಿದರೆ ಕಲಬುರಗಿಯಿದೆ, ಸೊಲ್ಲಾಪುರವಿದೆ. ಮುಂಬೈಯಿಂದ ಗೋವಾಕ್ಕೆ ಹೋಗುವ ವಿಹಾರದ ಹಡಗಿಗೆ ನಡುವೆ ನಿಲ್ದಾಣಗಳಿಲ್ಲ. "ನಡುವ ಇಳೀಲಾಕ ಬರ್ತದೇನು?" ಎಂದ ಅವ್ವನಿಗೆ ನನ್ನ ಪಟ್ಟಿಯಲ್ಲಿ ಉತ್ತರವಿರಲಿಲ್ಲ.

ಉಳಿದ ಚಿಂತೆಗಳಿಗೆ ಇತ್ತು. ಹೊಟ್ಟೆ ತೊಳಸುವವರಿಗೆ ಹಡಗಿನ ನಡುಭಾಗದ, ಕೆಳಮಹಡಿಯ ಕೋಣೆ ಲೇಸು. ಅಲ್ಲಿ ತೂಗಾಟ ಕಡಿಮೆ. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಮಗುಚಿ 32 ಮಂದಿ ಸತ್ತ ಮೇಲೆ ನಿಯಮ ಬಿಗಿಯಾಯಿತು: ಪ್ರಯಾಣಿಕರ ಸುರಕ್ಷತಾ ತಾಲೀಮು ಹಡಗು ಹೊರಡುವ ಮುನ್ನ, ಇಲ್ಲವೇ ಹೊರಟ ಕೂಡಲೇ ನಡೆಯಬೇಕು.

ಆದರೆ ಅವ್ವ ಕೇಳಿದ್ದು ದಾರಿಯನ್ನಲ್ಲ. ಫೆಲೋಶಿಪ್ ಹಣ ಕೂಡಿಟ್ಟ ಮಗಳಿಗೆ ಒಲ್ಲೆ ಅನ್ನಲಾಗದೆ ಹತ್ತಿಬಿಡುತ್ತೇನೇನೋ ಎಂಬ ಅಂಜಿಕೆ ಅದು. ಕಡಲಯಾನದಲ್ಲಿ ಇಳಿಯುವ ಜಾಗ ಹತ್ತುವ ಮುನ್ನವೇ ಇದೆ. ಟಿಕೆಟ್ ರದ್ದುಮಾಡಿದರೆ ಯಾವ ದಿನದವರೆಗೆ, ಎಷ್ಟು ಹಣ ಮರಳುತ್ತದೆ? ಈಗ ಪಟ್ಟಿಯ ಮೊದಲ ಸಾಲು ಅದೇ.