ಮೇಲಿನವರು ಹೇಳಿದರು, ಮಾಡಿದೆ

‘ನನ್ನ ಕೈಯಲ್ಲಿ ಏನಿದೆ ಸಾರ್, ಮೇಲಿನಿಂದ ಆರ್ಡರ್ ಬಂದಿದೆ’ ಎಂಬ ಮಾತು ಕಿವಿಗೆ ಬೀಳದ ಕಚೇರಿ ನಮ್ಮಲ್ಲಿಲ್ಲ. ಅದನ್ನು ಕೇಳಿದ ಮೇಲೆ ವಾದ ಮುಗಿದಂತೆಯೇ. ಆ ಮೇಲಿನವರನ್ನು ಹುಡುಕಿಕೊಂಡು ಹೋದರೆ ಅವರಿಗೂ ಒಬ್ಬ ಮೇಲಿನವರು ಇರುತ್ತಾರೆ. ಖಾತೆ ಬದಲಾವಣೆಯ ಅರ್ಜಿಯ ಮಟ್ಟಿಗೆ ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ ಸಾವಿರಾರು ಜನರನ್ನು ಕೊಂದವರೂ ಕಟಕಟೆಯಲ್ಲಿ ನಿಂತು ಇದೇ ಮಾತನ್ನು ಆಡಿದ್ದಾರೆ. ಅದಕ್ಕೆ ಜಗತ್ತು ತಡವಾಗಿ, ತಡವರಿಸುತ್ತ ಕೊಟ್ಟ ಉತ್ತರವೇ ಅಂತಾರಾಷ್ಟ್ರೀಯ ಅಪರಾಧ ಕಾನೂನು ಎಂದು ನಾನು ತಿಳಿದಿದ್ದೇನೆ.

ತಡವಾಗಿ ಎಂದೆ, ಆದರೆ ಪ್ರಶ್ನೆ ಹಳೆಯದು. 1474ರಲ್ಲಿ ರೈನ್ ನದಿಯ ದಂಡೆಯ ಬ್ರೈಸಾಖ್ ಪಟ್ಟಣದಲ್ಲಿ ಪೀಟರ್ ಫಾನ್ ಹಾಗೆನ್‌ಬಾಖ್ ಎಂಬ ಅಧಿಕಾರಿಯ ವಿಚಾರಣೆ ನಡೆಯಿತು. ಬರ್ಗಂಡಿಯ ಡ್ಯೂಕ್ ಚಾರ್ಲ್ಸ್‌ನ ಪರವಾಗಿ ಆ ಸೀಮೆಯನ್ನು ಆಳುತ್ತ ಕೊಲೆ, ಅತ್ಯಾಚಾರ ನಡೆಸಿದ ಆರೋಪ ಅವನ ಮೇಲಿತ್ತು. ಹಲವು ಊರುಗಳಿಂದ ಬಂದ 28 ನ್ಯಾಯಾಧೀಶರು ಕುಳಿತಿದ್ದರು. ಧಣಿಯ ಆಜ್ಞೆಯನ್ನು ಪ್ರಶ್ನಿಸಲು ನಾನು ಯಾರು ಎಂಬುದು ಅವನ ಪರವಾದ ವಾದ. ಅವರು ಅದನ್ನು ಒಪ್ಪದೆ ತಲೆ ಕಡಿಸಿದರು. ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಸಿದ ಆ ವಿಚಾರಣೆಯನ್ನು ಮಾದರಿ ಎನ್ನಲಾರೆ. ಆದರೆ ಆಜ್ಞೆಯ ಮರೆಯಲ್ಲಿ ಎಲ್ಲವೂ ಅಡಗದು ಎಂಬ ಅರಿವು ಅಷ್ಟು ಹಿಂದೆಯೇ ಇತ್ತು.

ಅದು ಬರವಣಿಗೆಯ ಕಾನೂನಾಗಿ ನೆಲೆ ನಿಂತದ್ದು ನಾತ್ಸಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲಿ. 1945ರ ಆಗಸ್ಟ್‌ನ ಆ ನ್ಯಾಯಾಲಯವನ್ನು ರಚಿಸಿದ ಲಂಡನ್ ಸನ್ನದಿನ 8ನೇ ವಿಧಿ ನೇರವಾಗಿದೆ: ಸರ್ಕಾರದ ಅಥವಾ ಮೇಲಧಿಕಾರಿಯ ಆಜ್ಞೆ ಇತ್ತು ಎಂಬುದು ಹೊಣೆಯನ್ನು ಕಳೆಯದು, ಹೆಚ್ಚೆಂದರೆ ಶಿಕ್ಷೆಯನ್ನು ಕಡಿಮೆ ಮಾಡಬಹುದು. ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಪರಾಧ ಮಾಡುವವರು ಮನುಷ್ಯರೇ ಹೊರತು ರಾಜ್ಯ ಎಂಬ ಕಣ್ಣಿಗೆ ಕಾಣದ ವಸ್ತುವಲ್ಲ, ಆದ್ದರಿಂದ ಶಿಕ್ಷೆಯೂ ಮನುಷ್ಯರಿಗೇ ಆಗಬೇಕು ಎಂದಿತು. 12 ಮಂದಿಗೆ ಮರಣದಂಡನೆ, 7 ಮಂದಿಗೆ ಸೆರೆವಾಸ, 3 ಮಂದಿಗೆ ಬಿಡುಗಡೆ. ನನಗೆ ಆ ಮೂವರ ಬಿಡುಗಡೆಯೇ ಮುಖ್ಯವಾಗಿ ಕಾಣುತ್ತದೆ. ಯಾರನ್ನೂ ಬಿಡದ ನ್ಯಾಯಾಲಯವನ್ನು ನಂಬುವುದು ಕಷ್ಟ.

ಆಕ್ಷೇಪ ಇಲ್ಲದಿರಲಿಲ್ಲ. ಬಲವಾದ ಆಕ್ಷೇಪ ಬಂದದ್ದು ನಮ್ಮವರಿಂದಲೇ. ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೊ ವಿಚಾರಣೆಯ 11 ನ್ಯಾಯಾಧೀಶರಲ್ಲಿ ಒಬ್ಬರಾಗಿದ್ದ ಕಲ್ಕತ್ತಾದ ರಾಧಾಬಿನೋದ್ ಪಾಲ್ 1948ರಲ್ಲಿ ಸಾವಿರಕ್ಕೂ ಹೆಚ್ಚು ಪುಟಗಳ ಭಿನ್ನ ತೀರ್ಪು ಬರೆದು ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದರು. ಯುದ್ಧ ಹೂಡುವುದೇ ಅಪರಾಧ ಎಂಬ ಕಾನೂನು ಆ ಆರೋಪಿಗಳು ಯುದ್ಧ ಹೂಡಿದಾಗ ಎಲ್ಲಿತ್ತು? ಗೆದ್ದವರೇ ಸೋತವರಿಗೆ ನ್ಯಾಯ ಹೇಳಬಹುದೇ? ಕೃತ್ಯ ನಡೆದಾಗ ಇಲ್ಲದ ಕಾನೂನಿನಿಂದ ಯಾರನ್ನೂ ದಂಡಿಸಬಾರದೆಂಬುದು ಎಲ್ಲ ಅಪರಾಧ ಕಾನೂನಿನ ಬೇರು. ಪಾಲ್ ಹಿಡಿದದ್ದು ಆ ಬೇರನ್ನೇ. ಯುದ್ಧದಲ್ಲಿ ಮಡಿದವರಿಗಾಗಿ ಇರುವ ಟೋಕಿಯೊದ ಯಾಸುಕುನಿ ಗುಡಿಯ ಆವರಣದಲ್ಲಿ ಅವರ ಸ್ಮಾರಕವಿದೆ. ಅವರ ತೀರ್ಪು ಜಪಾನಿಗೆ ಕ್ಲೀನ್ ಚಿಟ್ ಕೊಟ್ಟಿತು ಎನ್ನುವವರು ಅದನ್ನು ಅರ್ಧ ಮಾತ್ರ ಓದಿದವರು. ನಾನ್‌ಜಿಂಗ್‌ನ ಜನರ ಮೇಲೆ ಜಪಾನಿ ಸೇನೆಯ ಕ್ರೌರ್ಯ ನಡೆದದ್ದು ನಿಜ ಎಂದು ಪಾಲ್ ಒಪ್ಪಿದ್ದರು. ಅವರ ಕೊನೆಯ ನಿರ್ಣಯವನ್ನು ನಾನು ಒಪ್ಪಲಾರೆ, ಅವರ ಪ್ರಶ್ನೆಗಳನ್ನು ಬಿಡಲೂ ಆರೆ.

ಈಗ ಡ್ರಾಜೆನ್ ಎರ್ಡೆಮೊವಿಚ್‌ನ ಕಥೆಗೆ ಬರುತ್ತೇನೆ. ಈ ವಿಷಯದಲ್ಲಿ ನನ್ನನ್ನು ಬಿಡದೆ ಕಾಡುವುದು ಇದು. 1995ರ ಜುಲೈ 16. ಬೋಸ್ನಿಯಾ ಯುದ್ಧದಲ್ಲಿ ಸ್ರೆಬ್ರೆನಿಕಾ ಪಟ್ಟಣ ಸರ್ಬ್ ಸೇನೆಯ ವಶವಾದ ಮೇಲೆ ಸೆರೆಸಿಕ್ಕ ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಬಸ್ಸುಗಳಲ್ಲಿ ತುಂಬಿ ಬ್ರಾನ್ಯೆವೊ ಎಂಬ ಹೊಲಕ್ಕೆ ತರುತ್ತಿದ್ದರು. ಹತ್ತು ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ಬೆನ್ನ ಹಿಂದಿನಿಂದ ಗುಂಡು. ಬೋಸ್ನಿಯಾದ ಸರ್ಬ್ ಸೇನೆಯಲ್ಲಿದ್ದ, 23 ವರ್ಷದ, ಮೂಲದಲ್ಲಿ ಕ್ರೊಯೇಟ್ ಆದ ಎರ್ಡೆಮೊವಿಚ್ ಮೊದಲು ಆಗುವುದಿಲ್ಲ ಎಂದ. ಅವರ ಮೇಲೆ ಅಷ್ಟು ಕನಿಕರವಿದ್ದರೆ ನೀನೂ ಅವರ ಜೊತೆ ನಿಲ್ಲು ಎಂಬ ಉತ್ತರ ಬಂತು. ಅವನು ಗುಂಡು ಹಾರಿಸಿದ. ಆ ದಿನ ಅಲ್ಲಿ ಸುಮಾರು 1,200 ಜನ ಸತ್ತರು ಎಂದು ಅಂದಾಜಿಸಿದ. ತನ್ನ ಕೈಯಿಂದ ಸತ್ತವರು 70ರಷ್ಟು ಇರಬಹುದು ಎಂದ. ಇದನ್ನೆಲ್ಲ ಯಾರೂ ಹಿಡಿದು ತಂದು ಹೇಳಿಸಲಿಲ್ಲ. ಅವನೇ ಪತ್ರಕರ್ತರನ್ನು ಹುಡುಕಿ ಹೇಳಿದ, ಹೇಗ್‌ನ ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಾಲಯದಲ್ಲಿ ಅಳುತ್ತ ತಪ್ಪೊಪ್ಪಿಕೊಂಡ.

ಅವನು ಗುಂಡು ಹಾರಿಸದಿದ್ದರೆ ಒಬ್ಬನಾದರೂ ಬದುಕುತ್ತಿದ್ದನೇ? ಇಲ್ಲ. ಇನ್ನೊಂದು ಹೆಣ ಹೆಚ್ಚು ಬೀಳುತ್ತಿತ್ತು, ಅಷ್ಟೇ. ಹಾಗಿದ್ದ ಮೇಲೆ ಕಾನೂನು ಅವನಿಂದ ಏನನ್ನು ಕೇಳಬೇಕು? 1997ರಲ್ಲಿ ಮೇಲ್ಮನವಿ ಪೀಠದ ಐವರು ನ್ಯಾಯಾಧೀಶರು ಎರಡಾಗಿ ಒಡೆದರು. ನಿರಪರಾಧಿಗಳನ್ನು ಕೊಂದ ಸೈನಿಕನಿಗೆ ಪ್ರಾಣಭಯ ಪೂರ್ಣ ರಕ್ಷಣೆಯಾಗದು, ಶಿಕ್ಷೆ ತಗ್ಗಿಸಲು ಮಾತ್ರ ಆಗಬಹುದು ಎಂದು ಮೂವರು ಹೇಳಿದರು. ಕಾನೂನು ಸಾಮಾನ್ಯ ಮನುಷ್ಯನಿಗಾಗಿ ಇರುವುದು, ವೀರನಾಗು ಎಂದು ಅದು ಯಾರನ್ನೂ ಬಲವಂತ ಮಾಡಲಾಗದು ಎಂಬುದು ಇಟಲಿಯ ಆಂಟೋನಿಯೊ ಕಸ್ಸೇಸೆ ಅವರ ನಿಲುವಿನ ಸಾರ. ಇನ್ನೊಬ್ಬ ನ್ಯಾಯಾಧೀಶರೂ ಬಹುಮತಕ್ಕೆ ಸೇರಲಿಲ್ಲ. ಕೊನೆಗೆ ಹತ್ತು ವರ್ಷದ ಶಿಕ್ಷೆ ಐದಕ್ಕಿಳಿಯಿತು. ನನ್ನ ಮನಸ್ಸು ಕಸ್ಸೇಸೆ ಕಡೆ ವಾಲುತ್ತದೆ. ಆ ಎಪ್ಪತ್ತು ಮನೆಗಳನ್ನು ನೆನೆದಾಗ ಮತ್ತೆ ಅಳುಕುತ್ತದೆ.

ಇಂಥ ಹೊತ್ತಿಗೆ ನನಗೆ ಮಹಾಭಾರತದ ಅಶ್ವತ್ಥಾಮನಿಗಿಂತ ಕೃಪನೇ ಹೆಚ್ಚು ನೆನಪಾಗುತ್ತಾನೆ. ಮಲಗಿದವರನ್ನು ಕೊಲ್ಲುವುದು ಅಧರ್ಮ ಎಂದು ಬುದ್ಧಿ ಹೇಳಿದವನೂ ಅವನೇ, ಆಮೇಲೆ ಶಿಬಿರದ ಬಾಗಿಲಲ್ಲಿ ನಿಂತು ತಪ್ಪಿಸಿಕೊಂಡು ಬಂದವರನ್ನು ಕಡಿದವರಲ್ಲೊಬ್ಬನೂ ಅವನೇ. ಶಾಪ ಅಶ್ವತ್ಥಾಮನಿಗೆ ಬಂತು. ಕೃಪ ಮುಂದೆ ಪರೀಕ್ಷಿತನಿಗೆ ಗುರುವಾದ. ಇಂದಿನ ಕಾನೂನಿನಲ್ಲಿ ನೆರವಾದವನೂ ಅಪರಾಧಿಯೇ. ಕೃಪನಿಗೆ ಪ್ರಾಣಭಯವೂ ಇರಲಿಲ್ಲ.

ಕೈ ಕೆಳಗಿನವರ ಮಾತಾಯಿತು. ಮೇಲಿನವರು? ಅವರು ಆಜ್ಞೆ ಕೊಟ್ಟರೆ ಹೊಣೆಗಾರರು, ಸರಿ. ಕೈ ಕೆಳಗಿನ ಪಡೆ ಅಪರಾಧ ಮಾಡುತ್ತಿದೆ ಎಂದು ತಿಳಿದೂ, ಅಥವಾ ತಿಳಿದಿರಬೇಕಾಗಿದ್ದೂ, ತಡೆಯದೆ ಸುಮ್ಮನಿದ್ದರೂ ಸೇನಾಧಿಪತಿ ಹೊಣೆಗಾರನೇ. 1998ರ ಜುಲೈ 17ರಂದು ಅಂಗೀಕಾರವಾದ, ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಹುಟ್ಟುಹಾಕಿದ ರೋಮ್ ಶಾಸನದಲ್ಲಿ ಇದಿದೆ. ಪದವಿ ಗುರಾಣಿಯಾಗದು, ರಾಷ್ಟ್ರಾಧ್ಯಕ್ಷನಾದರೂ ಅಷ್ಟೇ. ಕಾಲ ಎಷ್ಟು ಕಳೆದರೂ ಅಪರಾಧ ಮಾಸದು. ಪ್ರಾಣಭಯದ ವಾದಕ್ಕೆ ಆ ಶಾಸನ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಬಾಗಿಲು ತೆರೆದಿದೆ, ಕಸ್ಸೇಸೆ ಬಯಸಿದಂತೆ. ಆದರೆ ನರಮೇಧಕ್ಕೆ, ಮಾನವತೆಯ ವಿರುದ್ಧದ ಅಪರಾಧಕ್ಕೆ ಕೊಟ್ಟ ಆಜ್ಞೆ ಮೇಲುನೋಟಕ್ಕೇ ಕಾನೂನುಬಾಹಿರ. ಅದು ತಪ್ಪೆಂದು ಗೊತ್ತಿರಲಿಲ್ಲ ಎನ್ನುವಂತಿಲ್ಲ.

ರೋಮ್‌ನಲ್ಲಿ 120 ದೇಶಗಳು ಪರ, 7 ವಿರುದ್ಧ, 21 ತಟಸ್ಥ. ಭಾರತ ತಟಸ್ಥವಾಗಿತ್ತು, ಇಂದಿಗೂ ಹೊರಗಿದೆ. ತಾವೇ ಸದಸ್ಯರಲ್ಲದ ಅಮೆರಿಕ, ರಷ್ಯಾ, ಚೀನಾಗಳೂ ಭದ್ರತಾ ಮಂಡಳಿಯಲ್ಲಿ ಕುಳಿತು ಬೇರೆ ದೇಶದ ಪ್ರಕರಣವನ್ನು ಆ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಭದ್ರತಾ ಮಂಡಳಿಯ ಈ ಅಧಿಕಾರಕ್ಕೆ ನಮ್ಮ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ನ್ಯಾಯಾಲಯ ಕೈ ಹಾಕುವುದು ದೇಶ ತಾನೇ ಪ್ರಾಮಾಣಿಕವಾಗಿ ವಿಚಾರಣೆ ನಡೆಸದಿದ್ದಾಗ ಮಾತ್ರ. ಮೊದಲ ಹಕ್ಕು ಮನೆಯವರದೇ. ಹಾಗಾದರೆ ನಮ್ಮ ಮನೆಯಲ್ಲಿ ಕಾನೂನು ಇದೆಯೇ?

2018ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ 1984ರ ಸಿಖ್ಖರ ಹತ್ಯೆಗಳ ಒಂದು ಪ್ರಕರಣದಲ್ಲಿ ಮಾಜಿ ಸಂಸದ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ವಿಧಿಸುತ್ತ, ನರಮೇಧವಾಗಲಿ ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ದಂಡ ಕಾನೂನಿನಲ್ಲಿ ಇಲ್ಲ, ಈ ಕೊರತೆಯನ್ನು ತುರ್ತಾಗಿ ತುಂಬಬೇಕು ಎಂದು ಬರೆಯಿತು. ನರಮೇಧ ಒಪ್ಪಂದಕ್ಕೆ ನಾವು 1959ರಲ್ಲೇ ಒಪ್ಪಿಗೆ ಕೊಟ್ಟಿದ್ದೇವೆ, ಅದಕ್ಕೆ ತಕ್ಕ ಕಾನೂನು ಮಾಡುವುದಾಗಿ ಮಾತು ಕೊಟ್ಟಿದ್ದೇವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಮಾತನ್ನು ನಡೆಸಿಕೊಡಬಹುದಿತ್ತು, ನಡೆಸಿಕೊಡಲಿಲ್ಲ. ಹೇಗ್‌ಗೆ ಹೋಗುವುದು ಬಿಡುವುದು ಆಮೇಲಿನ ಮಾತು. ಸಂಸತ್ತು ಮೊದಲು ಈ ಎರಡು ಅಪರಾಧಗಳನ್ನು ನಮ್ಮದೇ ಕಾನೂನಿನಲ್ಲಿ ಬರೆಯಲಿ. ಮುಂದಿನ ಬಾರಿ ನಿಮ್ಮ ಸಂಸದರು ಮತ ಕೇಳಲು ಮನೆಗೆ ಬಂದಾಗ, ದಯವಿಟ್ಟು ಇದನ್ನೂ ಒಂದು ಮಾತು ಕೇಳಿ.