ಜಗುಲಿಯ ಮೇಲೆ ಕೂತ ಕಮಿಟ್

ಗಿಟ್ ರೆಪೊಸಿಟರಿ ಹುಟ್ಟುವಾಗಲೇ ಅದರೊಳಗೆ ‘ಹುಕ್ಸ್’ ಎಂಬ ಫೋಲ್ಡರ್ ಒಂದು ತಾನಾಗಿ ಬರುತ್ತದೆ. ಅದರಲ್ಲಿ ಹತ್ತಾರು ಫೈಲುಗಳು. ಪ್ರತಿಯೊಂದರ ಹೆಸರಿಗೂ ‘ಸ್ಯಾಂಪಲ್’ ಎಂಬ ಬಾಲ. ಬಾಲ ಇರುವ ತನಕ ಅವು ಏನೂ ಮಾಡುವುದಿಲ್ಲ. ಬಹಳ ಮಂದಿ ಆ ಫೋಲ್ಡರನ್ನು ತೆರೆಯದೆಯೇ ವರ್ಷಗಟ್ಟಲೆ ಕೆಲಸ ಮಾಡುತ್ತಾರೆ. ನನಗೆ ಮಾತ್ರ ಹೊಸ ಸರ್ವರಿಗೆ ಲಾಗಿನ್ ಆದರೆ ಮೊದಲು ಕೈ ಹೋಗುವುದು ಅಲ್ಲಿಗೇ. ಅಲ್ಲೊಂದು ಪುಟ್ಟ ಸ್ಕ್ರಿಪ್ಟ್ ಬರೆದು ಎಕ್ಸಿಕ್ಯೂಟ್ ಪರ್ಮಿಶನ್ ಕೊಟ್ಟರೆ ಸಾಕು, ಆ ರೆಪೊಗೆ ಬರುವ ಪ್ರತಿಯೊಂದು ಪುಶ್ಶೂ ಅದನ್ನು ದಾಟಿಯೇ ಒಳಗೆ ಬರಬೇಕು. ಇಷ್ಟು ಕಡಿಮೆ ಬರಹಕ್ಕೆ ಇಷ್ಟು ದೊಡ್ಡ ಜವಾಬ್ದಾರಿ ಒಪ್ಪಿಸುವ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ.

ಹುಕ್ಕುಗಳೆಂಬ ಈ ಸ್ಕ್ರಿಪ್ಟುಗಳನ್ನು ನಮ್ಮ ನಮ್ಮ ಲ್ಯಾಪ್‌ಟಾಪಿನಲ್ಲೂ ಇಟ್ಟುಕೊಳ್ಳಬಹುದು. ಆದರೆ ಅವು ಕ್ಲೋನ್ ಮಾಡಿಕೊಂಡವರ ಜೊತೆ ಹೋಗುವುದಿಲ್ಲ. ‘ನೋ ವೆರಿಫೈ’ ಎಂದೊಡನೆ ಸುಮ್ಮನಾಗುತ್ತವೆ. ಸರ್ವರಿನ ಹುಕ್ಕಿಗೆ ಆ ಮಾತು ನಡೆಯುವುದಿಲ್ಲ. ಅವಸರದಲ್ಲಿರುವ ಅನುಭವಿಗೂ, ಇವತ್ತಷ್ಟೇ ಸೇರಿದ ಹೊಸಬರಿಗೂ, ಹುಕ್ ಬರೆದ ನನಗೂ ಒಂದೇ ನ್ಯಾಯ. ದೊಡ್ಡ ದೊಡ್ಡ ಹೋಸ್ಟಿಂಗ್ ತಾಣಗಳು ತಮ್ಮ ಯಂತ್ರದಲ್ಲಿ ನಮ್ಮ ಸ್ಕ್ರಿಪ್ಟ್ ಓಡಲು ಸಾಮಾನ್ಯವಾಗಿ ಬಿಡುವುದಿಲ್ಲವಾದ್ದರಿಂದ ಇದಕ್ಕೆ ಸ್ವಂತದ್ದೊಂದು ಸರ್ವರ್ ಬೇಕು. ಸಣ್ಣ ಲಿನಕ್ಸ್ ಯಂತ್ರ, ಎಸ್‌ಎಸ್‌ಎಚ್, ಒಂದು ಬೇರ್ ರೆಪೊ, ಇಷ್ಟಿದ್ದರೆ ಆಯಿತು.

ಸರ್ವರಿನ ಹುಕ್ಕುಗಳಲ್ಲಿ ಮುಖ್ಯವಾದವು ಮೂರು. ‘ಪ್ರೀ-ರಿಸೀವ್’ ಒಂದು ಪುಶ್ಶಿಗೆ ಒಮ್ಮೆ ಓಡುತ್ತದೆ. ಅದು ಬೇಡವೆಂದರೆ ಪುಶ್ ಪೂರ್ತಿ ಬಿದ್ದುಹೋಗುತ್ತದೆ. ‘ಅಪ್‌ಡೇಟ್’ ಒಂದೊಂದು ಬ್ರಾಂಚಿಗೂ ಬೇರೆ ಬೇರೆಯಾಗಿ ಓಡಿ, ಒಂದನ್ನು ಒಪ್ಪಿ ಇನ್ನೊಂದನ್ನು ತಡೆಯಬಲ್ಲದು. ‘ಪೋಸ್ಟ್-ರಿಸೀವ್’ ಎಲ್ಲ ಮುಗಿದ ಮೇಲೆ ಬರುವಂಥದ್ದು. ಅದಕ್ಕೆ ತಡೆಯುವ ಅಧಿಕಾರವಿಲ್ಲ, ಹೇಳುವ ಅಧಿಕಾರವಷ್ಟೇ. ಗಿಟ್ ಪ್ರೀ-ರಿಸೀವ್‌ಗೆ ಕೊಡುವುದು ಪ್ರತಿ ಬ್ರಾಂಚಿಗೆ ಒಂದು ಸಾಲು: ಹಳೆಯ ಕಮಿಟ್ಟಿನ ಗುರುತು, ಹೊಸದರ ಗುರುತು, ಬ್ರಾಂಚಿನ ಹೆಸರು. ಗಿಟ್ ಮರಳಿ ಕೇಳುವುದು ಒಂದೇ ಒಂದು ಸಂಖ್ಯೆ. ಸೊನ್ನೆ ಎಂದರೆ ಒಪ್ಪಿಗೆ, ಬೇರೆ ಏನಾದರೂ ನಿರಾಕರಣೆ. ನೀವು ಶೆಲ್‌ನಲ್ಲಿ ಬರೆಯಿರಿ, ಪೈಥಾನ್‌ನಲ್ಲಿ ಬರೆಯಿರಿ, ಗಿಟ್ ಕೇಳುವುದಿಲ್ಲ. 2005ರ ಏಪ್ರಿಲ್‌ನಲ್ಲಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ಲಿಗಾಗಿ ಶುರು ಮಾಡಿದ ಈ ಉಪಕರಣದ ಮೈಯಲ್ಲಿ ಹಳೆಯ ಯುನಿಕ್ಸ್ ಸಂಪ್ರದಾಯ ಹರಿಯುತ್ತಿದೆ ಎಂಬುದು ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ.

ಪ್ರೀ-ರಿಸೀವ್ ಓಡುವ ಹೊತ್ತಿಗೆ ಹೊಸ ಕಮಿಟ್ಟುಗಳು ಎಲ್ಲಿರುತ್ತವೆ ಎಂಬುದು ಬಹಳ ಸೊಗಸಾದ ಸಂಗತಿ. 2016ರಲ್ಲಿ ಬಂದ 2.11ನೇ ಆವೃತ್ತಿಯಿಂದ ಗಿಟ್ ಅವುಗಳನ್ನು ಪ್ರತ್ಯೇಕವಾದ ತಾತ್ಕಾಲಿಕ ಜಾಗವೊಂದರಲ್ಲಿ ಇರಿಸುತ್ತದೆ. ಮನೆಗೆ ಬಂದವರು ಜಗುಲಿಯ ಮೇಲೆ ಕೂತಿರುವಂತೆ: ಬಂದಿದ್ದಾರೆ, ಮಾತಾಡಿಸಬಹುದು, ಆದರೆ ಇನ್ನೂ ಒಳಗೆ ಕಾಲಿಟ್ಟಿಲ್ಲ. ಹುಕ್ಕು ಅವನ್ನು ಬಿಚ್ಚಿ ಓದಬಲ್ಲದು, ಹಳೆಯದರೊಂದಿಗೆ ಹೋಲಿಸಬಲ್ಲದು. ಒಪ್ಪಿದರೆ ಅವು ರೆಪೊದೊಳಗೆ ಸೇರುತ್ತವೆ. ಒಪ್ಪದಿದ್ದರೆ ಆ ಜಾಗವೇ ಅಳಿದುಹೋಗಿ, ರೆಪೊದಲ್ಲಿ ಒಂದು ಕಸವೂ ಉಳಿಯುವುದಿಲ್ಲ.

ನಾನು ಅತಿ ಪ್ರೀತಿಯಿಂದ ಬರೆದ ಹುಕ್ಕು ಕನ್ನಡ ಪಠ್ಯಗಳಿಗೆ ಸಂಬಂಧಿಸಿದ್ದು. ಹಳೆಯ ಪುಸ್ತಕಗಳನ್ನು ಟೈಪ್ ಮಾಡಿ ಗಿಟ್‌ನಲ್ಲಿ ಇಡುವ ಗೆಳೆಯರ ಗುಂಪು ನಮ್ಮದು. ಯುನಿಕೋಡ್‌ನಲ್ಲಿ ‘ಕೊ’ ಎಂಬ ಅಕ್ಷರವನ್ನು ಎರಡು ಬಗೆಯಲ್ಲಿ ಬರೆಯಬಹುದು. ಕಕಾರಕ್ಕೆ ಒತ್ವದ ಚಿಹ್ನೆ ನೇರವಾಗಿ ಹಚ್ಚಿದರೆ ಎರಡು ಸಂಕೇತ. ಎತ್ವ ಹಚ್ಚಿ ಅದರ ಮೇಲೆ ಕೊಂಬಿನ ದೀರ್ಘ ಹಚ್ಚಿದರೆ ಮೂರು. ‘ಕೋ’ ಆದರೆ ಎರಡರ ಬದಲು ನಾಲ್ಕೂ ಆಗಬಹುದು. ಕಣ್ಣಿಗೆ ಎಲ್ಲವೂ ಒಂದೇ. ಆದರೆ ‘ಕೊಡೆ’ ಎಂದು ಹುಡುಕಿದಾಗ ಬರೀ ಸಂಕೇತಗಳನ್ನು ಹೋಲಿಸುವ ಯಂತ್ರಕ್ಕೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಮುಂದೊಂದು ದಿನ ಆ ಪುಸ್ತಕದಲ್ಲಿ ಪದ ಹುಡುಕುವ ವಿದ್ಯಾರ್ಥಿಗೆ ಆ ಪದ ಅಲ್ಲಿಲ್ಲವೆಂದೇ ತೋರುತ್ತದೆ. ಪುಟದ ಮೇಲಿದ್ದ ಪದ ಹೀಗೆ ಕಾಣೆಯಾಗುವುದು ನನಗೆ ಸಹಿಸಲಾಗದ ವಿಷಯ.

ಹುಕ್ಕು ಮಾಡುವ ಕೆಲಸ ಸರಳ. ಹೊಸ ಕಮಿಟ್ಟುಗಳಲ್ಲಿ ಬದಲಾದ ಫೈಲುಗಳನ್ನು ಪಟ್ಟಿ ಮಾಡಿ, ಒಂದೊಂದನ್ನೂ ಪೈಥಾನ್‌ಗೆ ಕೊಟ್ಟು, ಪಠ್ಯ ಎನ್‌ಎಫ್‌ಸಿ ರೂಪದಲ್ಲಿದೆಯೇ, ಅಂದರೆ ಬಿಡಿಬಿಡಿಯಾಗದೆ ಕೂಡಿದ ಸಂಕೇತಗಳಲ್ಲಿದೆಯೇ ಎಂದು ಕೇಳುವುದು. ಸ್ವಾರಸ್ಯವಿರುವುದು ಅಂಚುಗಳಲ್ಲಿ. ಹೊಸ ಬ್ರಾಂಚ್ ಬಂದಾಗ ಹಳೆಯ ಗುರುತಿನ ಜಾಗದಲ್ಲಿ 40 ಸೊನ್ನೆಗಳು ಬರುತ್ತವೆ. ಹೋಲಿಸಲು ಹಳೆಯದು ಇಲ್ಲದ್ದರಿಂದ, ಬೇರಾವ ಬ್ರಾಂಚಿನಲ್ಲೂ ಇಲ್ಲದ ಕಮಿಟ್ಟುಗಳನ್ನು ಹೆಕ್ಕಬೇಕು. ಬ್ರಾಂಚ್ ಅಳಿಸುವಾಗ ಹೊಸ ಗುರುತಿನಲ್ಲಿ ಸೊನ್ನೆಗಳು. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಗಿಟ್ ಅದನ್ನು ಅಕ್ಷರಗಳಾಗಿ ತೋರಿಸದೆ 340, 262 ಎಂಬಂಥ ಅಂಕಿಗಳ ಸರಪಳಿಯಾಗಿ ಮುದ್ರಿಸುತ್ತದೆ, ‘ಕೋರ್.ಕೋಟ್‌ಪಾತ್’ ಎಂಬ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿದರೆ ಹೆಸರು ಕನ್ನಡವಾಗಿಯೇ ಕಾಣುತ್ತದೆ. ಇಂಥ ಒಂದೊಂದು ಅಂಚನ್ನೂ ಬೆರಳಿನಿಂದ ಸವರಿ ನುಣುಪು ಮಾಡುವ ಹೊತ್ತು ನನಗೆ ಪರಮಸುಖದ ಹೊತ್ತು.

ಆಮೇಲೆ ಮಾತು. ಹುಕ್ಕು ಮುದ್ರಿಸಿದ್ದೆಲ್ಲ ಪುಶ್ ಮಾಡಿದವರ ಪರದೆಯ ಮೇಲೆ ‘ರಿಮೋಟ್’ ಎಂಬ ಮುದ್ರೆಯೊಂದಿಗೆ ಮೂಡುತ್ತದೆ. ಬರೀ ‘ತಿರಸ್ಕರಿಸಲಾಗಿದೆ’ ಎಂದರೆ ಅದು ಕಚೇರಿಯ ಕಿಟಕಿ ಮುಚ್ಚಿದ ಸದ್ದು. ನನ್ನ ಹುಕ್ಕು ಕನ್ನಡದಲ್ಲಿ ಹೇಳುತ್ತದೆ: “ಮೂರನೇ ಅಧ್ಯಾಯದ 41ನೇ ಸಾಲಿನಲ್ಲಿ ‘ಕೊ’ ಬಿಡಿಬಿಡಿಯಾಗಿದೆ. ಹೀಗಿದ್ದರೆ ಹುಡುಕಿದವರಿಗೆ ಪದ ಸಿಗುವುದಿಲ್ಲ. ಸರಿಪಡಿಸುವ ಸ್ಕ್ರಿಪ್ಟ್ ‘ಸಾಧನ’ ಫೋಲ್ಡರಿನಲ್ಲಿದೆ, ದಯವಿಟ್ಟು ಅದನ್ನು ಓಡಿಸಿ ಮತ್ತೆ ಪುಶ್ ಮಾಡಿ.” ಎಲ್ಲಿ, ಏಕೆ, ಮುಂದೇನು ಎಂಬ ಮೂರಕ್ಕೂ ಉತ್ತರವಿರಬೇಕು. ಈ ಸಾಲುಗಳನ್ನು ತಿದ್ದಲು ನಾನು ಕೋಡ್ ತಿದ್ದುವುದಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ.

ಹುಕ್ಕು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಗಿಟೊಲೈಟ್ ಸಾಕ್ಷಿ. ಭಾರತದವರೇ ಆದ ಸೀತಾರಾಮ ಚಾಮರ್ತಿ ಬರೆದ ಆ ತಂತ್ರಾಂಶ ಯಾರು ಯಾವ ಬ್ರಾಂಚಿಗೆ ಬರೆಯಬಹುದು ಎಂಬುದನ್ನು ಇದೇ ಅಪ್‌ಡೇಟ್ ಹುಕ್ಕಿನಿಂದ ನಿರ್ಧರಿಸುತ್ತದೆ. ಲಿನಕ್ಸ್ ಕರ್ನೆಲ್ಲಿನ ರೆಪೊಗಳಿರುವ ಕರ್ನೆಲ್.ಆರ್ಗ್ ಕೂಡ ಅದನ್ನು ನೆಚ್ಚಿಕೊಂಡಿದೆ.

ಇಷ್ಟು ಬಲವಿರುವ ಕಡೆ ವಿವೇಕ ಬೇಕು. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಬೇಕೋ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗಿಯೋ? ಮೂಲ ಪುಸ್ತಕದಲ್ಲಿ ಹೇಗಿದೆ ಎಂದು ನೋಡಿ ಮನುಷ್ಯರೇ ಹೇಳಬೇಕು. ಯಂತ್ರಕ್ಕೆ ಅದು ದಕ್ಕದು. ಆದ್ದರಿಂದ ಇಂಥವನ್ನು ನಾನು ಪ್ರೀ-ರಿಸೀವ್‌ನಲ್ಲಿ ಇಡುವುದಿಲ್ಲ. ಪೋಸ್ಟ್-ರಿಸೀವ್‌ನಲ್ಲಿ ಇಟ್ಟು, ಕಮಿಟ್ ಒಳಗೆ ಹೋದ ಮೇಲೆ “ಇಲ್ಲೊಮ್ಮೆ ನೋಡಿ” ಎಂದು ಮೇಲ್ ಕಳಿಸುತ್ತೇನೆ. ಪುಶ್ ಮಾಡಿದವರ ಸಂಪರ್ಕ ಈ ಹುಕ್ಕು ಮುಗಿಯುವ ತನಕ ಬಿಡುಗಡೆಯಾಗುವುದಿಲ್ಲ. ಅದಕ್ಕೇ ಮೇಲ್ ಕೆಲಸವನ್ನು ಹಿನ್ನೆಲೆಗೆ ತಳ್ಳಿ ಅವರನ್ನು ಬೇಗ ಬಿಡುಗಡೆ ಮಾಡುತ್ತೇನೆ.

ಈ ಕಸುಬಿನಿಂದ ನಾನು ಕಲಿತದ್ದು ಇದೇ: ಎರಡು ಮಾತಿಗೆ ಎಡೆಯಿಲ್ಲದಷ್ಟು ಖಚಿತವಾದದ್ದನ್ನು ಮಾತ್ರ ತಡೆಯಬೇಕು, ಉಳಿದದ್ದನ್ನು ತಿಳಿಸಿ ಬಿಡಬೇಕು. ಯಾರಾದರೂ ಹೊಸ ನಿಯಮ ಸೂಚಿಸಿದಾಗ, ಅದನ್ನು ಮುರಿದವರಿಗೆ ಹೇಳಬೇಕಾದ ಕಾರಣವನ್ನು ಮೊದಲು ಒಂದು ವಾಕ್ಯದಲ್ಲಿ ಬರೆದುಕೊಡಿ ಎನ್ನುತ್ತೇನೆ. ಆ ವಾಕ್ಯ ಓದಿದವರಿಗೆ ‘ಹೌದಲ್ಲ’ ಅನ್ನಿಸಿದರೆ ಹುಕ್ಕು ಬರೆಯುವುದು ಅರ್ಧ ಗಂಟೆಯ ಕೆಲಸ.